ಲಾಂಛನದ ಹಕ್ಕು ಮತ್ತು ಕಾಯಿದೆ: ಸ್ಕಾಟ್ಲೆಂಡು ಇಂಗ್ಲೆಂಡುಗಳ ಪದ್ಧತಿಯನ್ನು ಕುರಿತು

ಲಾಂಛನವೆಂಬ ಮಾತು ನಮ್ಮ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ಬಾದಾಮಿಯ ಚಾಲುಕ್ಯರು ತಮ್ಮ ವರಾಹಲಾಂಛನವು ನಾರಾಯಣನ ಅನುಗ್ರಹದಿಂದ ಪ್ರಾಪ್ತವಾಯಿತೆಂದು ಹೇಳಿಕೊಂಡರು. ದೈವದತ್ತವಾದುದಕ್ಕೆ ಮನುಷ್ಯರ ಕಚೇರಿಯೊಂದರ ಅನುಮತಿ ಬೇಕಿರಲಿಲ್ಲ. ಹನ್ನೆರಡನೆಯ ಶತಮಾನದಿಂದೀಚೆಗೆ ಪಶ್ಚಿಮ ಯೂರೋಪಿನಲ್ಲಿ ರೂಢಿಗೆ ಬಂದ ಗುರಾಣಿಯ ಲಾಂಛನವಾದರೋ ಬೇರೊಂದು ಬಗೆಯದು. ಅದು ದೊರೆಗಳಿಗೆ ಮಾತ್ರ ಮೀಸಲಾಗಿರದೆ ಸರದಾರರಿಗೂ ಜಮೀನುದಾರರಿಗೂ, ಕ್ರಮೇಣ ಪಟ್ಟಣಗಳಿಗೂ ವಿದ್ಯಾಪೀಠಗಳಿಗೂ ವರ್ತಕರ ಸಂಘಗಳಿಗೂ ಹಬ್ಬಿತು. ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದು ಬಂದಿತು. ಆಸ್ತಿಯೆಂದ ಮೇಲೆ ವ್ಯಾಜ್ಯವುಂಟು. ವ್ಯಾಜ್ಯವಿದ್ದಲ್ಲಿ ದಾಖಲೆ, ನ್ಯಾಯಾಧೀಶ, ದಂಡನೆ ಇವು ಬೇಕಾಗುತ್ತವೆ. ಈ ಮೂರನ್ನು ಯಾವ ರಾಜ್ಯವು ಎಷ್ಟರಮಟ್ಟಿಗೆ ಒದಗಿಸಿತು, ಒದಗಿಸದಿದ್ದಲ್ಲಿ ಹಕ್ಕು ಏನಾಯಿತು ಎಂಬುದನ್ನು ಮುಖ್ಯವಾಗಿ ಸ್ಕಾಟ್ಲೆಂಡು ಇಂಗ್ಲೆಂಡುಗಳ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ದಾಖಲೆಯಿಲ್ಲದ ಕಾಲದ ಸ್ಥಿತಿಯನ್ನು ತಿಳಿಯಲು ಒಂದು ಪ್ರಸಿದ್ಧ ವ್ಯಾಜ್ಯವನ್ನು ನೋಡಬಹುದು. ೧೩೮೫ರಲ್ಲಿ ಎರಡನೆಯ ರಿಚರ್ಡನು ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಅವನ ಸೈನ್ಯದಲ್ಲಿದ್ದ ರಿಚರ್ಡ್ ಸ್ಕ್ರೂಪ್, ರಾಬರ್ಟ್ ಗ್ರೋವ್ನರ್ ಎಂಬ ಇಬ್ಬರ ಗುರಾಣಿಗಳ ಮೇಲೂ ಒಂದೇ ಚಿಹ್ನೆಯಿತ್ತು: ನೀಲಿಯ ನೆಲ, ಅದರ ಮೇಲೆ ಓರೆಯಾಗಿ ಹಾಯ್ದ ಹೊಂಬಣ್ಣದ ಪಟ್ಟಿ. ಮೊಕದ್ದಮೆಯು ಕ್ಷಾತ್ರ ನ್ಯಾಯಾಲಯದ ಮುಂದೆ ಬಂದು ಐದು ವರ್ಷ ನಡೆಯಿತು. ನೂರಾರು ಮಂದಿ ಸಾಕ್ಷಿ ನುಡಿದರು. ಅವರಲ್ಲಿ ಕವಿ ಚಾಸರನೂ ಒಬ್ಬ. ಲಂಡನ್ನಿನ ಬೀದಿಯೊಂದರಲ್ಲಿ ಈ ಚಿಹ್ನೆ ತೂಗುತ್ತಿದ್ದುದನ್ನು ಕಂಡು ಅದು ಸ್ಕ್ರೂಪರ ಬಿಡಾರವೆಂದು ತಾನು ಭಾವಿಸಿದುದಾಗಿಯೂ, ವಿಚಾರಿಸಿದಾಗ ಗ್ರೋವ್ನರನ ಹೆಸರನ್ನು ಮೊದಲ ಬಾರಿ ಕೇಳಿದುದಾಗಿಯೂ ಅವನು ೧೩೮೬ರಲ್ಲಿ ಹೇಳಿದನು. ತೀರ್ಪು ಸ್ಕ್ರೂಪನ ಪರವಾಯಿತು. ಗ್ರೋವ್ನರನು ಅದೇ ಚಿಹ್ನೆಗೆ ಬಿಳಿಯ ಅಂಚು ಕಟ್ಟಿ ಧರಿಸಬಹುದೆಂದು ನ್ಯಾಯಾಲಯ ಹೇಳಿದ್ದರೂ ೧೩೯೦ರಲ್ಲಿ ದೊರೆ ಅದನ್ನೂ ಒಪ್ಪಲಿಲ್ಲ. ಇಷ್ಟೊಂದು ಜನರನ್ನು ಕರೆಸಬೇಕಾದುದು ಏಕೆ? ಯಾವ ಪುಸ್ತಕದಲ್ಲಿಯೂ ಈ ಹಕ್ಕು ಬರೆದಿರಲಿಲ್ಲ. ಅದು ನೋಡಿದವರ ನೆನಪಿನಲ್ಲಿ ಮಾತ್ರ ಇತ್ತು.

ಇಂಗ್ಲೆಂಡಿನ ದೊರೆಗಳು ಈ ಕೊರತೆಯನ್ನು ತುಂಬಲು ತಮ್ಮ ವಿಶೇಷಾಧಿಕಾರವನ್ನೇ ನೆಚ್ಚಿದರು. ೧೪೧೭ರಲ್ಲಿ ಐದನೆಯ ಹೆನ್ರಿಯು, ಪೂರ್ವಿಕರಿಂದ ಬಂದ ಹಕ್ಕಾಗಲಿ ಅಧಿಕಾರವುಳ್ಳವರು ಕೊಟ್ಟ ದಾನವಾಗಲಿ ಇಲ್ಲದವರು ತನ್ನ ದಂಡಯಾತ್ರೆಯಲ್ಲಿ ಲಾಂಛನ ಧರಿಸಕೂಡದೆಂದು ಕೆಲವು ಜಿಲ್ಲೆಗಳ ಷೆರಿಫರಿಗೆ ಆಜ್ಞೆ ಕಳುಹಿಸಿದನು. ಅಜಿನ್‌ಕೋರ್ ಕದನದಲ್ಲಿ ತನ್ನೊಡನಿದ್ದವರಿಗೆ ಮಾತ್ರ ರಿಯಾಯಿತಿ ತೋರಿಸಿದನು. ೧೪೮೪ರಲ್ಲಿ ಮೂರನೆಯ ರಿಚರ್ಡನು ಹೆರಲ್ಡರೆಂಬ ಲಾಂಛನಾಧಿಕಾರಿಗಳಿಗೆ ಸನ್ನದು ಕೊಟ್ಟು ಅವರದೊಂದು ಸಂಸ್ಥೆಯನ್ನು ಮಾಡಿದನು. ಅವನು ಅಳಿದ ಮೇಲೆ ಅವರ ಮನೆ ಕೈತಪ್ಪಿತು; ೧೫೫೫ರಲ್ಲಿ ಹೊಸ ಸನ್ನದು ಬಂದಿತು. ೧೫೩೦ರಿಂದ ೧೬೮೮ರ ವರೆಗೆ ಈ ಅಧಿಕಾರಿಗಳು ಜಿಲ್ಲೆ ಜಿಲ್ಲೆಗಳಲ್ಲಿ ಸಂಚರಿಸಿ, ಮನೆತನದವರನ್ನು ಕರೆಸಿ, ವಂಶಾವಳಿ ಬರೆದುಕೊಂಡು, ಹಕ್ಕನ್ನು ಸ್ಥಾಪಿಸಲಾರದವರ ಹೆಸರುಗಳನ್ನು ಬಹಿರಂಗವಾಗಿ ಸಾರಿಸುತ್ತಿದ್ದರು. ನೆರೆಹೊರೆಯವರ ಮುಂದೆ ಆಗುವ ಈ ಅಪಮಾನವೇ ಅಂದಿನ ದೊಡ್ಡ ಶಿಕ್ಷೆ. ಆದರೆ ಇಷ್ಟಕ್ಕೂ ಪಾರ್ಲಿಮೆಂಟಿನ ಕಾಯಿದೆಯೆಂಬ ಅಡಿಪಾಯ ಇರಲಿಲ್ಲ. ಸಂಚಾರ ನಿಂತಿತು. ಕ್ಷಾತ್ರ ನ್ಯಾಯಾಲಯವೂ ೧೭೩೭ರ ಅನಂತರ ಸೇರಲೇ ಇಲ್ಲ.

ಸ್ಕಾಟ್ಲೆಂಡು ಹಿಡಿದ ದಾರಿ ಬೇರೆ. ಅಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯು ಲಾಂಛನಗಳ ವಿಷಯದಲ್ಲಿ ದೊರೆಯ ಪ್ರತಿನಿಧಿ. ೧೫೯೨ರಲ್ಲಿ ಸ್ಕಾಟ್ ಪಾರ್ಲಿಮೆಂಟು ಅವನಿಗೆ ಕುಲೀನರೆಲ್ಲರ ಲಾಂಛನಗಳನ್ನು ಪರೀಕ್ಷಿಸಿ, ಒಂದರಿಂದೊಂದನ್ನು ವಿಂಗಡಿಸಿ, ಪುಸ್ತಕದಲ್ಲಿ ಬರೆಯುವ ಅಧಿಕಾರವನ್ನು ಕೊಟ್ಟಿತು. ತಪ್ಪಿ ನಡೆದವನಿಗೆ ನೂರು ಪೌಂಡು ದಂಡ. ಆ ಚಿಹ್ನೆಯನ್ನು ಕೆತ್ತಿದ ಅಥವಾ ಬರೆದ ವಸ್ತುಗಳ ಮುಟ್ಟುಗೋಲು. ದಂಡ ತೆರದಿದ್ದರೆ ಸೆರೆಮನೆ. ಬೆಳ್ಳಿಯ ತಟ್ಟೆಯ ಮೇಲೆ ಸಲ್ಲದ ಸಿಂಹವನ್ನು ಕೆತ್ತಿಸಿದವನು ತಟ್ಟೆಯನ್ನೇ ಕಳೆದುಕೊಳ್ಳಬಹುದಾಗಿತ್ತು. ೧೬೭೨ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲಾಂಛನವನ್ನು ಬಳಸುವವರೆಲ್ಲರೂ ಒಂದು ವರ್ಷ ಒಂದು ದಿನದೊಳಗೆ ತಮ್ಮ ಚಿಹ್ನೆಯ ವಿವರವನ್ನು ಲಯನನ ಕಚೇರಿಗೆ ಒಪ್ಪಿಸಬೇಕು. ಅದನ್ನು ಬರೆದುಕೊಳ್ಳುವ ಸಾರ್ವಜನಿಕ ದಾಖಲೆ ಪುಸ್ತಕವೇ ರಾಜ್ಯದಲ್ಲಿ ಲಾಂಛನಗಳಿಗೆ ರದ್ದುಮಾಡಲಾಗದ ಪ್ರಮಾಣ. ಹೊಸದಾಗಿ ಯೋಗ್ಯರಾದವರಿಗೆ ಚಿಹ್ನೆಯನ್ನು ದಯಪಾಲಿಸುವ ಅಧಿಕಾರವೂ ಲಯನನಿಗೆ ಸ್ಪಷ್ಟವಾಗಿ ದೊರೆಯಿತು. ಹೀಗೆ ದಾನ, ದಾಖಲೆ, ದಂಡನೆ ಮೂರೂ ಒಂದೇ ಕೈಗೆ ಬಂದವು.

ಈ ಪದ್ಧತಿಯ ಒಂದು ಅಂಶವು ವಿಶೇಷವಾಗಿ ವಿಚಾರಾರ್ಹ. ಸ್ಕಾಟ್ ನ್ಯಾಯದಲ್ಲಿ ಅವಿಕಲವಾದ ಲಾಂಛನ ಒಂದು ಕಾಲಕ್ಕೆ ಒಬ್ಬನಿಗೇ ಸಲ್ಲುತ್ತದೆ. ಹಿರಿಯ ವಾರಸುದಾರನಿಗೆ ತಂದೆಯ ಚಿಹ್ನೆ ಹಾಗೆಯೇ ಬರುತ್ತದೆ. ಕಿರಿಯ ಮಕ್ಕಳು ಲಯನನ ಬಳಿಗೆ ಹೋಗಿ, ಅಂಚಿನಿಂದಲೋ ಬಣ್ಣದಿಂದಲೋ ವ್ಯತ್ಯಾಸವನ್ನು ಮಾಡಿಸಿಕೊಂಡು, ಮತ್ತೆ ದಾಖಲಿಸಿಕೊಳ್ಳಬೇಕು. ಆದಕಾರಣ ಆ ಪುಸ್ತಕವನ್ನು ಬಲ್ಲವನು ಗುರಾಣಿಯೊಂದನ್ನು ಕಂಡೊಡನೆ ಶಾಖೆ ಉಪಶಾಖೆಗಳನ್ನು ಗುರುತಿಸಬಲ್ಲನು. ೧೭೦೭ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾದ ಮೇಲೆಯೂ ಈ ಕಾಯಿದೆ ಉಳಿಯಿತು. ೧೮೬೭ರ ಮತ್ತೊಂದು ಕಾಯಿದೆ ಲಯನನಿಗೆ ಸಂಬಳವನ್ನು ಗೊತ್ತುಮಾಡಿ ಶುಲ್ಕವನ್ನು ಬೊಕ್ಕಸಕ್ಕೆ ಸೇರಿಸಿತು. ದಾನ ಕೊಡುವವನು ಶುಲ್ಕದಿಂದಲೇ ಬದುಕುವುದು ತಪ್ಪಿದುದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ.

ದಾಖಲೆಯೆಂದ ಮಾತ್ರಕ್ಕೆ ಹಕ್ಕಿನ ರಕ್ಷಣೆಯೆಂದು ತಿಳಿಯಬಾರದು. ೧೬೯೬ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, ಯುದ್ಧದ ವೆಚ್ಚಕ್ಕೆ ಹಣ ಸಾಲದೆ, ಲಾಂಛನವುಳ್ಳವರೆಲ್ಲರೂ ಶುಲ್ಕ ತೆತ್ತು ದಾಖಲಿಸಿಕೊಳ್ಳಬೇಕೆಂದು ರಾಜಾಜ್ಞೆ ಹೊರಡಿಸಿದನು; ವ್ಯಕ್ತಿಗೆ ಇಪ್ಪತ್ತು ಲಿವ್ರ್. ಶಾರ್ಲ್ ದೊಝಿಯೆ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಒಂದು ಲಕ್ಷಕ್ಕೂ ಮೀರಿದ ಲಾಂಛನಗಳು ಬರೆಯಲ್ಪಟ್ಟವು. ಬಾರದವರಿಗೆ ಅಧಿಕಾರಿಗಳೇ ಯಾವುದೋ ಚಿಹ್ನೆಯನ್ನು ಕಲ್ಪಿಸಿ ಹಣ ಕೇಳಿದರು! ಇದು ಗೌರವದ ಪುಸ್ತಕವಲ್ಲ, ಕಂದಾಯದ ಲೆಕ್ಕ. ೧೭೯೦ರ ಜೂನಿನಲ್ಲಿ ಕ್ರಾಂತಿಯ ಸಭೆಯು ಕುಲೀನತೆಯೊಡನೆ ಲಾಂಛನಗಳನ್ನೂ ರದ್ದುಪಡಿಸಿತು. ಬ್ರಿಟನ್ನಿನಲ್ಲಿಯೂ ೧೭೯೮ರಿಂದ ೧೯೪೪ರ ವರೆಗೆ ಲಾಂಛನ ಬಳಕೆಯ ಮೇಲೆ ತೆರಿಗೆಯಿತ್ತು. ತೆರಿಗೆಯವರು ಹಕ್ಕನ್ನು ವಿಚಾರಿಸದೆ ಬಳಕೆಯನ್ನು ಮಾತ್ರ ನೋಡುತ್ತಿದ್ದುದರಿಂದ, ಹುಸಿ ಲಾಂಛನದವನೂ ಹಣ ತೆತ್ತು ನಿಶ್ಚಿಂತನಾಗಿರಬಹುದಾಗಿತ್ತು.

ಕಾಯಿದೆಯ ಆಧಾರವಿಲ್ಲದ ಹಕ್ಕಿನ ದುರ್ಬಲತೆಯು ಇಂಗ್ಲೆಂಡಿನಲ್ಲಿ ಬಯಲಾದುದು ೧೯೫೪ರಲ್ಲಿ. ಮ್ಯಾಂಚೆಸ್ಟರ್ ನಗರಸಭೆಗೆ ೧೮೪೨ರಲ್ಲಿ ಲಾಂಛನ ದೊರೆತಿತ್ತು. ಅಲ್ಲಿಯ ನಾಟಕಶಾಲೆಯ ಕಂಪೆನಿಯೊಂದು ಅದನ್ನು ರಂಗದ ಪರದೆಯ ಮೇಲ್ಭಾಗದಲ್ಲಿಯೂ ತನ್ನ ಮೊಹರಿನಲ್ಲಿಯೂ ಬಳಸಿತು. ಸಾಮಾನ್ಯ ನ್ಯಾಯಾಲಯಗಳು ಈ ಹಕ್ಕನ್ನು ವಿಚಾರಿಸುವಂತಿರಲಿಲ್ಲ. ಆದುದರಿಂದ ನಗರಸಭೆಯು ಎರಡು ಶತಮಾನಗಳಿಗೂ ಮಿಗಿಲಾಗಿ ನಿದ್ರಿಸುತ್ತಿದ್ದ ಕ್ಷಾತ್ರ ನ್ಯಾಯಾಲಯದ ಬಾಗಿಲನ್ನು ತಟ್ಟಿತು. ೧೯೫೪ರ ಡಿಸೆಂಬರಿನಲ್ಲಿ ಅರ್ಲ್ ಮಾರ್ಷಲನ ಪ್ರತಿನಿಧಿಯಾಗಿ ಮುಖ್ಯ ನ್ಯಾಯಾಧೀಶ ಲಾರ್ಡ್ ಗಾಡರ್ಡರು ಪೀಠದಲ್ಲಿ ಕುಳಿತರು. ನ್ಯಾಯಾಲಯವು ಇನ್ನೂ ಜೀವಂತವಾಗಿದೆಯೇ ಎಂಬುದೇ ಮೊದಲ ಪ್ರಶ್ನೆಯಾಯಿತು. ಜೀವಂತವಾಗಿದೆಯೆಂದೂ ನಗರಸಭೆಯ ಪಕ್ಷವೇ ನ್ಯಾಯವೆಂದೂ ೧೯೫೫ರ ಜನವರಿಯಲ್ಲಿ ತೀರ್ಪಾಯಿತು. ಆದರೆ ಬಲವಾದ ಕಾರಣವಿಲ್ಲದೆ ಇದನ್ನು ಮತ್ತೆ ಸೇರಿಸಬಾರದೆಂದೂ, ಮುಂದೆ ಸೇರಿಸುವುದಾದರೆ ಮೊದಲು ಕಾಯಿದೆಯ ಆಧಾರ ಒದಗಬೇಕೆಂದೂ ಗಾಡರ್ಡರು ಸೂಚಿಸಿದರು. ಆ ಕಾಯಿದೆ ಬರಲಿಲ್ಲ. ನ್ಯಾಯಾಲಯವೂ ಮತ್ತೆ ಸೇರಲಿಲ್ಲ. ಗೆದ್ದವರು ಹಕ್ಕನ್ನು ಸ್ಥಾಪಿಸಿದರು, ಬಾಗಿಲು ಮಾತ್ರ ಅವರ ಹಿಂದೆಯೇ ಮುಚ್ಚಿತೆನ್ನಬೇಕು. ಸ್ಕಾಟ್ಲೆಂಡಿನಲ್ಲಾದರೋ ಲಯನನ ನ್ಯಾಯಾಲಯಕ್ಕೆ ತನ್ನದೇ ಆದ ಅಭಿಯೋಜಕನಿದ್ದಾನೆ. ೨೦೧೫ರಲ್ಲಿ ಏರ್ ಯುನೈಟೆಡ್ ಎಂಬ ಕಾಲ್ಚೆಂಡಿನ ತಂಡದ ಚಿಹ್ನೆಯು ದಾಖಲಾಗದ ಲಾಂಛನವೆಂದು ಆಕ್ಷೇಪಣೆ ಬಂದಾಗ, ಮುನ್ನೂರು ನಾನೂರು ವರ್ಷಗಳ ಹಿಂದಿನ ಆ ಕಾಯಿದೆಗಳೇ ಅದಕ್ಕೆ ಆಧಾರವಾದವು.

ಮೇಲಿನ ಎರಡು ರಾಜ್ಯಗಳಲ್ಲಿಯೂ ದಾನದ ಮೂಲ ದೊರೆ. ದೊರೆಯೇ ಇಲ್ಲದಲ್ಲಿ ಕೊಡುವವರು ಯಾರು? ಐರ್ಲೆಂಡು ಈ ಪ್ರಶ್ನೆಗೆ ಸಿಕ್ಕಿಕೊಂಡಿತು. ೧೫೫೨ರಿಂದ ಡಬ್ಲಿನ್ನಿನಲ್ಲಿದ್ದ ದೊರೆಯ ಲಾಂಛನ ಕಚೇರಿಯನ್ನು ೧೯೪೩ರಲ್ಲಿ ಐರಿಷ್ ಸರ್ಕಾರವು ವಹಿಸಿಕೊಂಡು ಮುಖ್ಯ ಹೆರಲ್ಡನನ್ನು ನೇಮಿಸಿತು. ಅವನು ದಾನಪತ್ರಗಳನ್ನು ಕೊಡುತ್ತಲೇ ಬಂದನು. ೧೯೬೧ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೂ ಒಂದು ಸಂದಿತು. ಆದರೆ ಹಾಗೆ ಕೊಡಲು ಅಧಿಕಾರವೀಯುವ ಕಾಯಿದೆ ಯಾವುದು? ೧೯೯೭ರ ಕಾಯಿದೆಯು ಆ ಅಧಿಕಾರವನ್ನು ರಾಷ್ಟ್ರೀಯ ಗ್ರಂಥಾಲಯದ ಮಂಡಲಿಗೆ ಕೊಟ್ಟು ೨೦೦೫ರಲ್ಲಿ ಜಾರಿಗೆ ಬಂದಾಗ, ನಡುವಣ ಅರುವತ್ತು ವರ್ಷಗಳ ದಾನಗಳು ಸಿಂಧುವೇ ಎಂಬ ಸಂದೇಹ ಬಲವಾಯಿತು. ಹಣ ತೆತ್ತು ನಂಬಿಕೆಯಿಂದ ಪತ್ರ ಪಡೆದವರ ಪಾಡು ಶೋಚನೀಯ. ದಕ್ಷಿಣ ಆಫ್ರಿಕವು ೧೯೬೧ರಲ್ಲಿ ಗಣರಾಜ್ಯವಾದೊಡನೆ ಇದನ್ನು ಬೇರೆ ರೀತಿಯಲ್ಲಿ ಬಿಡಿಸಿತು: ೧೯೬೨ರ ಕಾಯಿದೆಯು ದಾನದ ಗೋಜಿಗೆ ಹೋಗದೆ ನೋಂದಣಿಯನ್ನಷ್ಟೇ ಆಧಾರಮಾಡಿಕೊಂಡಿತು.

ಈ ಪ್ರಶ್ನೆ ನಮ್ಮ ನೆಲವನ್ನೂ ಒಮ್ಮೆ ಸೋಕಿತು. ೧೮೭೭ರ ಜನವರಿ ೧ರಂದು ದೆಹಲಿಯಲ್ಲಿ ನಡೆದ ಸಾಮ್ರಾಜ್ಯ ಸಭೆಯ ಸಂದರ್ಭದಲ್ಲಿ ವೈಸ್‌ರಾಯ್ ಲಿಟ್ಟನನು ಸಂಸ್ಥಾನಾಧಿಪತಿಗಳಿಗೆ ಅವರವರ ಲಾಂಛನವುಳ್ಳ ರೇಷ್ಮೆಯ ಪತಾಕೆಗಳನ್ನು ಕೊಟ್ಟನು. ಸುಮಾರು ತೊಂಬತ್ತು ಲಾಂಛನಗಳನ್ನು ರಚಿಸಿದವನು ಬಂಗಾಳದ ಸಿವಿಲ್ ಸರ್ವೀಸಿನ ರಾಬರ್ಟ್ ಟೇಲರ್. ಮೈಸೂರಿನ ಚಾಮರಾಜೇಂದ್ರ ಒಡೆಯರು ಆಗ ಹದಿನಾಲ್ಕು ತುಂಬದ ಬಾಲಕರು. ರಾಜ್ಯ ಇನ್ನೂ ಕಮಿಷನರರ ಕೈಯಲ್ಲಿತ್ತು. ತಲೆತಲಾಂತರದ ಬಿರುದುಬಾವಲಿಗಳಿದ್ದ ಮನೆತನಗಳಿಗೆ ಮೇಲಿನಿಂದ ಚಿಹ್ನೆ ಬಂದಿತು; ವ್ಯಾಜ್ಯ ಹೂಡಲು ಲಯನನಂಥ ನ್ಯಾಯಾಲಯವಾಗಲಿ, ಹಕ್ಕೆಂದು ತೋರಿಸಲು ಕಾಯಿದೆಯಾಗಲಿ ಬರಲಿಲ್ಲ. ಸ್ವತಂತ್ರ ಭಾರತವು ವ್ಯಕ್ತಿಗಳಿಗೆ ಲಾಂಛನ ಕೊಡುವ ಕಚೇರಿಯನ್ನು ತೆರೆಯದೆ, ರಾಜ್ಯದ ಚಿಹ್ನೆಯನ್ನು ಮಾತ್ರ ಕಾಯ್ದುಕೊಂಡಿತು. ೧೯೫೦ರ ಕಾಯಿದೆ ಕೇಂದ್ರದ ಮತ್ತು ರಾಜ್ಯಗಳ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು ತಡೆಯಿತು. ೨೦೦೫ರ ಕಾಯಿದೆ ಸಾರನಾಥದ ಸಿಂಹಗಳ ರಾಷ್ಟ್ರಲಾಂಛನವನ್ನು ದುರುಪಯೋಗಪಡಿಸಿದವರಿಗೆ ಎರಡು ವರ್ಷದ ವರೆಗೆ ಸೆರೆವಾಸವನ್ನು ವಿಧಿಸಿತು. ಒಡೆಯರ ಗಂಡಭೇರುಂಡ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಅದಕ್ಕೆ ರಕ್ಷಣೆ ದೊರೆತಿರುವುದು ೧೯೫೦ರ ಆ ಕಾಯಿದೆಯ ಅನುಸೂಚಿಯಿಂದ.