ಸಂಬಳವಿಲ್ಲದ ನಿರ್ದೇಶಕರಿಗೆ ಹೊಣೆಯೂ ಇಲ್ಲವೇ? ಸೊಸೈಟಿ, ನಿಗಮ, ಅನುದಾನಿತ ಸಂಸ್ಥೆಗಳ ಮಂಡಳಿ ಬಗ್ಗೆ ಕಾನೂನು ಹೇಳುವುದೇನು?

ಊರಿನ ಸೊಸೈಟಿಗೆ ಚುನಾವಣೆ ಬಂದಾಗ ಅಥವಾ ಸಹಕಾರಿ ಬ್ಯಾಂಕೊಂದು ಸಂಕಷ್ಟಕ್ಕೆ ಸಿಲುಕಿದ ಸುದ್ದಿ ಬಂದಾಗ ಎರಡು ಬಗೆಯ ಮಾತು ಹರಿದಾಡುತ್ತವೆ. ಒಂದು, "ನಿರ್ದೇಶಕ ಅನ್ನೋದು ಬರೀ ಗೌರವದ ಹುದ್ದೆ. ಸಂಬಳವೂ ಇಲ್ಲ, ಹೊಣೆಯೂ ಇಲ್ಲ." ಇನ್ನೊಂದು, "ಸಂಸ್ಥೆ ಮುಳುಗಿದರೆ ಎಲ್ಲ ನಿರ್ದೇಶಕರ ಮನೆ, ಜಮೀನು ಹರಾಜು."

ಎರಡೂ ಸರಿಯಲ್ಲ. ಮೊದಲನೆಯದನ್ನು ನಂಬಿದವರು ಓದದೆ ಸಹಿ ಹಾಕುತ್ತಾರೆ. ಎರಡನೆಯದನ್ನು ನಂಬಿದ ಪ್ರಾಮಾಣಿಕರು ಮಂಡಳಿಯ ಹತ್ತಿರವೂ ಸುಳಿಯುವುದಿಲ್ಲ. ಕೊನೆಗೆ ನಷ್ಟವಾಗುವುದು ಠೇವಣಿ ಇಟ್ಟವರಿಗೆ ಮತ್ತು ತೆರಿಗೆ ಕಟ್ಟುವವರಿಗೆ. ಹಾಗಾಗಿ ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂದು ಒಂದೊಂದಾಗಿ ನೋಡೋಣ.

ಸಂಸ್ಥೆಯ ಸಾಲ ನಿರ್ದೇಶಕರ ಸಾಲವೇ?

ಅಲ್ಲ. ನೋಂದಾಯಿತ ಸಹಕಾರ ಸಂಘವಾಗಲಿ, ಸರ್ಕಾರಿ ಕಂಪನಿಯಾಗಲಿ, ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿ. ಅದು ತನ್ನ ಹೆಸರಿನಲ್ಲೇ ಆಸ್ತಿ ಹೊಂದುತ್ತದೆ, ಸಾಲ ಮಾಡುತ್ತದೆ, ಕೋರ್ಟಿಗೆ ಹೋಗುತ್ತದೆ. ಬರಗಾಲ ಬಂದು ರೈತರು ಸಾಲ ಕಟ್ಟಲಾಗದೆ ಸೊಸೈಟಿಗೆ ನಷ್ಟವಾದರೆ, ಅಷ್ಟೇ ಕಾರಣಕ್ಕೆ ನಿರ್ದೇಶಕರ ಮನೆ ಜಪ್ತಿ ಮಾಡಲು ಬರುವುದಿಲ್ಲ. ನಿರ್ದೇಶಕರೇ ವೈಯಕ್ತಿಕ ಜಾಮೀನು ಹಾಕಿದ್ದರೆ ಮಾತ್ರ ವಿಷಯ ಬೇರೆ.

ಕ್ರಿಮಿನಲ್ ಪ್ರಕರಣಗಳಲ್ಲೂ ಹೀಗೆಯೇ. ಕಂಪನಿ ತಪ್ಪು ಮಾಡಿದೆ ಎಂದ ಮಾತ್ರಕ್ಕೆ ಅದರ ನಿರ್ದೇಶಕರೆಲ್ಲ ತಾನಾಗಿಯೇ ಆರೋಪಿಗಳಾಗುವುದಿಲ್ಲ. ಒಂದೋ ಆ ನಿರ್ದೇಶಕರು ದುರುದ್ದೇಶದಿಂದ ಅದರಲ್ಲಿ ಪಾಲ್ಗೊಂಡಿರಬೇಕು, ಇಲ್ಲವೇ ಹೊಣೆ ಅವರದೆಂದು ಕಾಯ್ದೆಯೇ ಹೇಳಿರಬೇಕು. 2015ರಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಹಾಗಾದರೆ ಸ್ವಂತ ಜೇಬಿನಿಂದ ಕಟ್ಟುವುದು ಯಾವಾಗ?

ನಮ್ಮ ರಾಜ್ಯದ ಸೊಸೈಟಿಗಳಿಗೆ ಅನ್ವಯಿಸುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959. ಅದರ 69ನೇ ಸೆಕ್ಷನ್‌ನ ಹೆಸರು 'ಅಧಿಭಾರ', ಅಂದರೆ ಸರ್ಚಾರ್ಜ್. ಲೆಕ್ಕಪರಿಶೋಧನೆ ಅಥವಾ ವಿಚಾರಣೆಯಲ್ಲಿ ಈ ಕೆಳಗಿನವು ಕಂಡುಬಂದರೆ ಅದು ಬಳಕೆಗೆ ಬರುತ್ತದೆ:

• ಕಾಯ್ದೆ, ನಿಯಮ ಅಥವಾ ಬೈಲಾಗೆ ವಿರುದ್ಧವಾಗಿ ಹಣ ಪಾವತಿಸಿರುವುದು
• ತೀವ್ರ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಸಂಘಕ್ಕೆ ನಷ್ಟ ಮಾಡಿರುವುದು
• ಸಂಘದ ಹಣ ದುರುಪಯೋಗ ಮಾಡಿರುವುದು

ಆಗ ಸಂಬಂಧಪಟ್ಟವರಿಂದ ಆ ಮೊತ್ತವನ್ನು ಬಡ್ಡಿ ಸಮೇತ ವಾಪಸ್ ಕಟ್ಟಿಸುವ ಅಧಿಕಾರ ಸಹಕಾರ ಸಂಘಗಳ ನಿಬಂಧಕರಿಗಿದೆ. ಆದರೆ ಏಕಾಏಕಿ ಅಲ್ಲ. ಆರೋಪ ಏನೆಂದು ತಿಳಿಸಿ, ಉತ್ತರ ಕೊಡಲು ಅವಕಾಶ ನೀಡಬೇಕು. ಆದೇಶದ ವಿರುದ್ಧ ಮೇಲ್ಮನವಿಯೂ ಸಾಧ್ಯ.

ಗಮನಿಸಿ, ಇಲ್ಲಿ ಕಳ್ಳತನ ಮಾತ್ರ ಹೇಳಿಲ್ಲ, ನಿರ್ಲಕ್ಷ್ಯವನ್ನೂ ಹೇಳಿದೆ. ಅಡಮಾನವೇ ಇಲ್ಲದ ಸಾಲವನ್ನು ಬೈಲಾ ಮೀರಿ ಮಂಜೂರು ಮಾಡುವ ನಿರ್ಣಯಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದವರು "ನಾನೊಂದು ರೂಪಾಯಿ ಮುಟ್ಟಿಲ್ಲ" ಎಂದು ಹೇಳಿ ಪಾರಾಗುವುದು ಕಷ್ಟ. ಇನ್ನೊಂದು ಮಾತು: ಹಿಂದೆ ಪದಾಧಿಕಾರಿಗಳಾಗಿದ್ದವರಿಗೂ ಇದು ಅನ್ವಯಿಸುತ್ತದೆ. ರಾಜೀನಾಮೆ ಕೊಟ್ಟರೆ ಹುದ್ದೆ ಹೋಗುತ್ತದೆ, ಹುದ್ದೆಯಲ್ಲಿದ್ದಾಗ ಮಾಡಿದ ಕೆಲಸದ ಹೊಣೆ ಹೋಗುವುದಿಲ್ಲ.

"ನಾನು ಆ ಸಭೆಗೆ ಹೋಗಿರಲಿಲ್ಲ" ಎಂದರೆ ಸಾಕೇ?

ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗಳಿಗೆ ಕಂಪನಿಗಳ ಕಾಯ್ದೆ, 2013 ಅನ್ವಯಿಸುತ್ತದೆ. ಶೇ 51ರಷ್ಟಾದರೂ ಷೇರು ಬಂಡವಾಳ ಕೇಂದ್ರದ್ದೋ, ರಾಜ್ಯದ್ದೋ ಅಥವಾ ಎರಡೂ ಸೇರಿಯೋ ಇದ್ದರೆ ಅದು ಸರ್ಕಾರಿ ಕಂಪನಿ. ನಿರ್ದೇಶಕರು ಎಚ್ಚರಿಕೆಯಿಂದ, ಸ್ವತಂತ್ರವಾಗಿ ಯೋಚಿಸಿ, ಸ್ವಂತ ಲಾಭ ನೋಡದೆ ಕೆಲಸ ಮಾಡಬೇಕು ಎನ್ನುತ್ತದೆ 166ನೇ ಸೆಕ್ಷನ್. ಮೀರಿದರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ಇದೇ ಕಾಯ್ದೆಯ ಪ್ರಕಾರ, ಮಂಡಳಿಯ ನಡಾವಳಿ ಕೈಗೆ ಬಂದು ತಪ್ಪು ನಡೆದಿರುವುದು ಗೊತ್ತಾದ ನಿರ್ದೇಶಕರನ್ನೂ ಹೊಣೆಗಾರರೆಂದು ಪರಿಗಣಿಸಬಹುದು. ಸಭೆಯಲ್ಲಿ ಕೂತು ಆಕ್ಷೇಪಿಸದೆ ಸುಮ್ಮನಿದ್ದವರಿಗೂ ಇದೇ ಮಾತು. ಅಂದರೆ ಗೈರುಹಾಜರಿಯೂ ಮೌನವೂ ರಕ್ಷಣೆ ಕೊಡುವುದಿಲ್ಲ.

ಪ್ರಾಮಾಣಿಕರಿಗೆ ಬಾಗಿಲೂ ಇದೆ. ಪ್ರಾಮಾಣಿಕವಾಗಿ, ಸಮಂಜಸವಾಗಿ ನಡೆದುಕೊಂಡ ನಿರ್ದೇಶಕರನ್ನು ಹೊಣೆಯಿಂದ ಬಿಡುಗಡೆ ಮಾಡುವ ಅಧಿಕಾರವನ್ನು 463ನೇ ಸೆಕ್ಷನ್ ಕೋರ್ಟಿಗೆ ಕೊಟ್ಟಿದೆ.

"ನಾವು ಸರ್ಕಾರಿ ನೌಕರರಲ್ಲ, ನಮಗೆ ಭ್ರಷ್ಟಾಚಾರ ಕಾಯ್ದೆ ಅನ್ವಯಿಸಲ್ಲ" ನಿಜವೇ?

ಬಹಳ ಜನ ಎಡವುವುದು ಇಲ್ಲೇ. ಭ್ರಷ್ಟಾಚಾರ ತಡೆ ಕಾಯ್ದೆ, 1988ರಲ್ಲಿ 'ಸಾರ್ವಜನಿಕ ಸೇವಕ' ಎಂಬ ಪದದ ಅರ್ಥ ತುಂಬಾ ವಿಶಾಲ. ಸರ್ಕಾರದ ಹಣಕಾಸಿನ ನೆರವು ಪಡೆಯುತ್ತಿರುವ ಅಥವಾ ಹಿಂದೆ ಪಡೆದಿರುವ ಸಹಕಾರ ಸಂಘಗಳ ಪದಾಧಿಕಾರಿಗಳು, ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಸಂಸ್ಥೆಗಳ ಪದಾಧಿಕಾರಿಗಳು ಮತ್ತು ನೌಕರರು ಕೂಡ ಅದರಲ್ಲಿ ಸೇರುತ್ತಾರೆ. ಅನುದಾನಿತ ಶಾಲೆ ನಡೆಸುವ ಟ್ರಸ್ಟ್‌ನವರು ಇದನ್ನು ನೆನಪಿಡಬೇಕು. 2020ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದವರೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಲಂಚ ಪಡೆದದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು.

ಆದರೆ ತಪ್ಪು ನಿರ್ಧಾರವೆಲ್ಲ ಭ್ರಷ್ಟಾಚಾರವಲ್ಲ. ಮೊದಲು, ಸಾರ್ವಜನಿಕ ಹಿತವಿಲ್ಲದೆ ಬೇರೆಯವರಿಗೆ ಲಾಭವಾಗುವಂತೆ ಮಾಡಿದರೆ, ತಾನು ಏನನ್ನೂ ಪಡೆಯದಿದ್ದರೂ ಅಪರಾಧವಾಗುತ್ತಿತ್ತು. 2018ರ ತಿದ್ದುಪಡಿ ಆ ಭಾಗವನ್ನು ತೆಗೆದುಹಾಕಿದೆ.

ಚೆಕ್ ಬೌನ್ಸ್ ಆದರೆ?

ಸಂಸ್ಥೆಯ ಚೆಕ್ ಬೌನ್ಸ್ ಆದರೆ ಸಹಿ ಹಾಕಿದವರು ಮತ್ತು ಆ ಹೊತ್ತಿನಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಪ್ರಕರಣ ಎದುರಿಸಬೇಕಾಗುತ್ತದೆ. ಸರ್ಕಾರಿ ಹುದ್ದೆಯ ಕಾರಣಕ್ಕೆ ನಾಮನಿರ್ದೇಶನಗೊಂಡ ನಿರ್ದೇಶಕರಿಗೆ ಇದರಿಂದ ವಿನಾಯಿತಿ ಇದೆ. ಆದರೆ ಈ ವಿನಾಯಿತಿ ಚೆಕ್ ಪ್ರಕರಣಕ್ಕೆ ಮಾತ್ರ. ಅದನ್ನೇ ಹಿಡಿದು "ನಾಮನಿರ್ದೇಶಿತರಿಗೆ ಯಾವ ಕೇಸೂ ಇಲ್ಲ" ಎಂದು ಫಾರ್ವರ್ಡ್ ಮಾಡಿದರೆ ಅದು ಸುಳ್ಳು ಸುದ್ದಿಯಾಗುತ್ತದೆ.

ನೀವು ಅಥವಾ ನಿಮ್ಮ ಮನೆಯವರು ಮಂಡಳಿಯಲ್ಲಿದ್ದರೆ ಏನು ಮಾಡಬೇಕು?

• ಸಭೆಯ ನೋಟಿಸ್, ಲೆಕ್ಕಪತ್ರ, ಆಡಿಟ್ ವರದಿ ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆ ಅಥವಾ ಖಾಲಿ ಚೆಕ್‌ಗಂತೂ ಬೇಡವೇ ಬೇಡ.
• ಒಪ್ಪಿಗೆ ಇಲ್ಲದಿದ್ದರೆ ಬಾಯಿಮಾತಿನಲ್ಲಿ ಹೇಳಿ ಎದ್ದು ಬರಬೇಡಿ. ನಿಮ್ಮ ಭಿನ್ನಾಭಿಪ್ರಾಯ ನಡಾವಳಿಯಲ್ಲಿ ದಾಖಲಾಗಲಿ. ಬರೆಯಲು ಕಾರ್ಯದರ್ಶಿ ಒಪ್ಪದಿದ್ದರೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.
• ಸಂಬಂಧಿಕರ ಸಾಲ ಅಥವಾ ಟೆಂಡರ್ ಚರ್ಚೆಗೆ ಬಂದರೆ ಮೊದಲೇ ತಿಳಿಸಿ, ಚರ್ಚೆಯಿಂದ ದೂರವಿರಿ.
• ಹೆಂಡತಿಯ ಹೆಸರಿನಲ್ಲಿ ಗಂಡ, ತಾಯಿಯ ಹೆಸರಿನಲ್ಲಿ ಮಗ ಅಧಿಕಾರ ನಡೆಸುವ ಕಡೆ ಒಂದು ಮಾತು ನೆನಪಿರಲಿ: ನೋಟಿಸ್ ಬರುವುದು ಸಹಿ ಇದ್ದವರ ಹೆಸರಿಗೆ.

ಒಟ್ಟಿನಲ್ಲಿ, ನಷ್ಟವಾಯಿತು ಎಂಬುದೊಂದೇ ಕಾರಣಕ್ಕೆ ನಿರ್ದೇಶಕರ ಆಸ್ತಿ ಹೋಗುವುದಿಲ್ಲ. ಸಂಬಳ ಇಲ್ಲ ಎಂಬುದೊಂದೇ ಕಾರಣಕ್ಕೆ ಅವರು ಪಾರಾಗುವುದೂ ಇಲ್ಲ. ಏನು ಗೊತ್ತಿತ್ತು, ಏನನ್ನು ಕೇಳಿದರು, ಯಾವುದಕ್ಕೆ ಸಹಿ ಹಾಕಿದರು ಎಂಬುದರ ಮೇಲೆ ಹೊಣೆ ನಿರ್ಧಾರವಾಗುತ್ತದೆ. ನೋಟಿಸ್ ಬಂದಿದ್ದರೆ ಫಾರ್ವರ್ಡ್ ನಂಬಿ ಕೂರಬೇಡಿ, ಉತ್ತರ ಕೊಡುವ ಗಡುವಿನೊಳಗೆ ವಕೀಲರನ್ನು ಕಾಣಿ.