ಥೀಸಿಯಸನ ದಾರಿಯೂ ನೆರೆಯವರ ಸಾಕ್ಷ್ಯವೂ

ಗ್ರೀಕರ ಪುರಾಣಗಳಲ್ಲಿ ದೇವತೆಗಳೊಡನೆಯೂ ರಕ್ಕಸರೊಡನೆಯೂ ಸೆಣಸಿದ ವೀರರು ಹಲವರಿದ್ದಾರೆ. ಅವರಲ್ಲಿ ಹೆರಾಕ್ಲೀಸನ ಹೆಸರು ಎಲ್ಲರಿಗಿಂತ ದೊಡ್ಡದು. ಆದರೆ ಅವನು ಕೊನೆಗೆ ದೇವತೆಗಳ ಪಂಕ್ತಿಯನ್ನೇ ಸೇರಿದನು. ಅಥೆನ್ಸಿನ ಥೀಸಿಯಸನ ಸಂಗತಿ ಬೇರೆ. ಸಮುದ್ರದೇವತೆಯಾದ ಪೊಸೈಡನ್ ಅವನ ತಂದೆಯೆಂದು ಹೇಳುವವರಿದ್ದರೂ ಅವನು ಮನುಷ್ಯನಾಗಿ ಬಾಳಿ ಮನುಷ್ಯನಾಗಿಯೇ ಸತ್ತನು. ಅವನ ಸಾಹಸಗಳು ನಡೆದವೆಂದು ಹೇಳುವ ಸ್ಥಳಗಳನ್ನು ಭೂಪಟದಲ್ಲಿ ಬೆರಳಿಟ್ಟು ತೋರಿಸಬಹುದು. ಅದಕ್ಕಿಂತ ಮುಖ್ಯವಾದುದೆಂದರೆ, ಅವನು ಕೊಂದ ‘ದುಷ್ಟರ’ ನಾಡಿನವರು ಆ ಕಥೆಗೆ ಕೊಟ್ಟ ಮರುಮಾತೂ ಉಳಿದು ಬಂದಿದೆ. ಇತಿಹಾಸವನ್ನು ಬೋಧಿಸುವವರಿಗೆ ಇಂಥ ಕಥೆ ಅಪರೂಪವಾದುದರಿಂದ ಅದನ್ನು ಇಲ್ಲಿ ಕೊಂಚ ವಿವರವಾಗಿ ವಿಚಾರಿಸುತ್ತೇವೆ.

ಮೊದಲು ಕಥೆ. ಅಥೆನ್ಸಿನ ಅರಸ ಈಜಿಯಸನು ಟ್ರೀಜನ್ ಪಟ್ಟಣದ ರಾಜಪುತ್ರಿ ಈಥ್ರಾಳಲ್ಲಿ ಮಗನನ್ನು ಪಡೆದನು. ಊರಿಗೆ ಹೊರಡುವ ಮೊದಲು ತನ್ನ ಕತ್ತಿಯನ್ನೂ ಪಾದರಕ್ಷೆಗಳನ್ನೂ ಒಂದು ಬಂಡೆಯ ಅಡಿಯಲ್ಲಿಟ್ಟು, ಮಗನು ಅದನ್ನು ಎತ್ತಬಲ್ಲವನಾದಾಗ ತನ್ನ ಬಳಿಗೆ ಕಳುಹಿಸೆಂದು ಹೇಳಿದನು. ಪ್ರಾಯಕ್ಕೆ ಬಂದ ಥೀಸಿಯಸನು ಬಂಡೆಯನ್ನೆತ್ತಿ, ನಿರಪಾಯವಾದ ಕಡಲದಾರಿಯನ್ನು ಬಿಟ್ಟು, ಕಳ್ಳರೂ ಕ್ರೂರರೂ ತುಂಬಿದ ನೆಲದಾರಿಯನ್ನೇ ಹಿಡಿದನು. ಎಪಿಡಾರಸಿನಲ್ಲಿ ಗದೆಗಾರನಾದ ಪೆರಿಫೆಟೀಸ್, ಎರಡು ಕಡಲುಗಳ ನಡುವಿನ ಭೂಸಂಧಿಯಲ್ಲಿ ದಾರಿಹೋಕರನ್ನು ಬಗ್ಗಿಸಿದ ಮರಗಳಿಗೆ ಕಟ್ಟಿ ಸೀಳುತ್ತಿದ್ದ ಸೈನಿಸ್, ಕ್ರೊಮಿಯನ್ನಿನ ಕಾಡುಹಂದಿ, ಮೆಗಾರದ ಕಡಿದಾದ ಬಂಡೆಗಳ ಮೇಲೆ ಕುಳಿತು, ಬಂದವರಿಂದ ಕಾಲು ತೊಳೆಸಿಕೊಂಡು ಅವರನ್ನು ಸಮುದ್ರಕ್ಕೆ ಒದೆಯುತ್ತಿದ್ದ ಸ್ಕೈರಾನ್, ಎಲ್ಯೂಸಿಸಿನ ಮಲ್ಲ ಸರ್ಸಿಯಾನ್, ಅತಿಥಿಗಳನ್ನು ಮಂಚದ ಅಳತೆಗೆ ಎಳೆದೋ ಕಡಿದೋ ಸರಿಮಾಡುತ್ತಿದ್ದ ಪ್ರೊಕ್ರಸ್ಟೀಸ್. ಇವರನ್ನೆಲ್ಲ ಅವರವರ ವಿಧಾನದಿಂದಲೇ ಕೊನೆಗಾಣಿಸಿ ಅವನು ಅಥೆನ್ಸನ್ನು ಮುಟ್ಟಿದನು.

ಆ ಕಾಲದಲ್ಲಿ ಅಥೆನ್ಸಿನವರು ಕ್ರೀಟ್ ದ್ವೀಪದ ಅರಸ ಮೈನಾಸನಿಗೆ ಒಂಬತ್ತು ವರ್ಷಗಳಿಗೊಮ್ಮೆ ಏಳು ಮಂದಿ ತರುಣರನ್ನೂ ಏಳು ಮಂದಿ ಕನ್ಯೆಯರನ್ನೂ ಕಪ್ಪವಾಗಿ ಒಪ್ಪಿಸಬೇಕಾಗಿತ್ತಂತೆ. ಡೀಡಲಸನು ಕಟ್ಟಿದ ‘ಲ್ಯಾಬಿರಿಂತ್’ ಎಂಬ ಸುತ್ತುಗಟ್ಟಿನ ಮನೆಯಲ್ಲಿ ಅವರು ಗೂಳಿಯ ತಲೆಯ ಮಿನೋಟಾರನಿಗೆ ಆಹಾರವಾಗುತ್ತಿದ್ದರು. ಏಕಚಕ್ರಪುರದ ಬಕಾಸುರನನ್ನು ಬಲ್ಲ ನಮ್ಮ ಮಕ್ಕಳಿಗೆ ಈ ಭಾಗವನ್ನು ವಿವರಿಸಬೇಕಾಗಿಯೇ ಇಲ್ಲ. ಥೀಸಿಯಸನು ತಾನೇ ಆ ಹದಿನಾಲ್ವರಲ್ಲಿ ಒಬ್ಬನಾಗಿ ಹೋದನು. ಮೈನಾಸನ ಮಗಳು ಏರಿಯಾಡ್ನಿ ಕೊಟ್ಟ ನೂಲಿನ ಉಂಡೆಯ ಸಹಾಯದಿಂದ ಒಳಹೊಕ್ಕು, ಮಿನೋಟಾರನನ್ನು ಕೊಂದು ಹೊರಬಂದನು. ಆದರೆ ಪ್ರಾಣ ಉಳಿಸಿದ ಆಕೆಯನ್ನು ನ್ಯಾಕ್ಸಾಸ್ ದ್ವೀಪದಲ್ಲಿ ಬಿಟ್ಟನು. ಗೆದ್ದರೆ ಬಿಳಿಯ ಹಾಯಿ ಏರಿಸುವೆನೆಂದು ತಂದೆಗೆ ಕೊಟ್ಟ ಮಾತನ್ನೂ ಮರೆತನು. ಕರಿಯ ಹಾಯಿಯನ್ನು ಕಂಡ ಮುದುಕ ಈಜಿಯಸನು ಮಗನು ಸತ್ತನೆಂದೇ ತಿಳಿದು ಮೇಲಿನಿಂದ ಹಾರಿ ಪ್ರಾಣ ಬಿಟ್ಟನು.

ದೇವತೆಗಳೊಡನೆ ನಡೆದ ಸೆಣಸಿನಲ್ಲಿ ಮಾತ್ರ ಅವನಿಗೆ ಗೆಲುವಿಲ್ಲ. ಗೆಳೆಯ ಪೈರಿಥೋಸನೊಡನೆ ಪಾತಾಳಕ್ಕಿಳಿದು, ಅಲ್ಲಿಯ ರಾಣಿ ಪರ್ಸೆಫೊನಿಯನ್ನೇ ಹೊತ್ತು ತರುವ ಹವಣಿಕೆ ಮಾಡಿದನು; ಇಬ್ಬರೂ ಕುಳಿತ ಕಲ್ಲಿಗೇ ಅಂಟಿಕೊಂಡರು. ಹೆರಾಕ್ಲೀಸನು ಬಂದು ಥೀಸಿಯಸನನ್ನು ಬಿಡಿಸಿದನು. ಗೆಳೆಯ ಅಲ್ಲಿಯೇ ಉಳಿದನು. ಊರಿಗೆ ಮರಳಿದರೆ ಪ್ರಜೆಗಳು ಬೇರೊಬ್ಬನ ಪಕ್ಷ ವಹಿಸಿದ್ದರು. ಸ್ಕೈರಾಸ್ ದ್ವೀಪಕ್ಕೆ ಹೋದವನನ್ನು ಅಲ್ಲಿಯ ಅರಸ ಲೈಕೊಮೀಡೀಸನು ಬಂಡೆಯ ಮೇಲಿನಿಂದ ತಳ್ಳಿ ಕೊಂದನು. ಸ್ಕೈರಾನನಿಗೆ ಅವನು ಕಾಣಿಸಿದ ಕೊನೆಯೇ ಅವನಿಗೂ ಬಂದಿತು.

ಇಷ್ಟು ಕಥೆ. ಇನ್ನು ಅದು ಹೇಗೆ ಬೆಳೆಯಿತೆಂಬುದನ್ನು ನೋಡಬೇಕು. ಮಿನೋಟಾರನ ವಧೆ ಹಳೆಯ ಚಿತ್ರಗಳಲ್ಲಿಯೇ ಇದೆ. ಆದರೆ ದಾರಿಯ ದುಷ್ಟರನ್ನು ಸಾಲಾಗಿ ಕೊಂದ ಚಿತ್ರಗಳು ಅಥೆನ್ಸಿನ ಮಣ್ಣಿನ ಪಾತ್ರೆಗಳ ಮೇಲೆ ಹೆಚ್ಚುವುದು ಕ್ರಿ. ಪೂ. 6ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಎಂದರೆ ಅಥೆನ್ಸ್ ನಗರವು ನಿರಂಕುಶ ಪ್ರಭುಗಳನ್ನು ಕಳೆದುಕೊಂಡು ಹೊಸ ಆಡಳಿತವನ್ನು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ. ಚದರಿದ್ದ ಊರುಗಳನ್ನು ಒಂದೇ ನಗರರಾಜ್ಯವಾಗಿ ಕೂಡಿಸಿದವನು ಥೀಸಿಯಸನೆಂದು ವಿಚಾರಶೀಲನಾದ ಥ್ಯೂಸಿಡಿಡೀಸನೂ ಬರೆದನು. ಕ್ರಿ. ಪೂ. 490ರ ಮ್ಯಾರಥಾನ್ ಯುದ್ಧದಲ್ಲಿ ಅವನ ಮೂರ್ತಿಯೇ ಆಯುಧ ಹಿಡಿದು ಮುಂದೆ ನುಗ್ಗುತ್ತಿದ್ದುದನ್ನು ಕಂಡೆವೆಂದು ಸೈನಿಕರು ಹೇಳಿಕೊಂಡರು. ಕ್ರಿ. ಪೂ. 475ರ ಸುಮಾರಿನಲ್ಲಿ ಸೇನಾನಿ ಸೈಮನ್ ಸ್ಕೈರಾಸ್ ದ್ವೀಪವನ್ನು ಹಿಡಿದು, ಅಲ್ಲಿ ಅಗೆಸಿ, ಕಂಚಿನ ಈಟಿಯೂ ಕತ್ತಿಯೂ ಪಕ್ಕದಲ್ಲಿದ್ದ ದೊಡ್ಡ ಆಕಾರದ ಅಸ್ಥಿಗಳನ್ನು ಥೀಸಿಯಸನದೆಂದು ಮೆರವಣಿಗೆಯಲ್ಲಿ ತಂದನು. ಅಸ್ಥಿಗಳು ಅಥೆನ್ಸಿಗೆ ಬಂದವು. ದ್ವೀಪದ ಹಿಂದಿನ ನಿವಾಸಿಗಳು ದಾಸ್ಯಕ್ಕೆ ಹೋದರು. ಅವರ ನೆಲದಲ್ಲಿ ಅಥೆನ್ಸಿನವರು ನೆಲಸಿದರು. ವೀರಪೂಜೆಗೂ ರಾಜ್ಯವಿಸ್ತಾರಕ್ಕೂ ಇಲ್ಲಿರುವ ನಂಟನ್ನು ವಾಚಕರು ಗಮನಿಸಬೇಕು.

ಇನ್ನು ನೆರೆಯವರ ಸಾಕ್ಷ್ಯ. ಇದನ್ನು ನಮಗೆ ಉಳಿಸಿಕೊಟ್ಟವನು ಕ್ರಿ. ಶ. 1-2ನೆಯ ಶತಮಾನಗಳಲ್ಲಿ ಬಾಳಿದ ಪ್ಲೂಟಾರ್ಕ್. ಥೀಸಿಯಸನ ಚರಿತೆಯನ್ನು ಬರೆಯುತ್ತ ಅವನು ಮೆಗಾರದ ಲೇಖಕರ ವಾದವನ್ನೂ ಕೊಟ್ಟಿದ್ದಾನೆ. ಅವರು ಹೇಳುವುದೇನೆಂದರೆ, ಸ್ಕೈರಾನನು ದರೋಡೆಗಾರನಲ್ಲ, ದರೋಡೆಗಾರರನ್ನು ದಂಡಿಸುತ್ತಿದ್ದವನು. ಪೂಜ್ಯನಾದ ಈಯಕಸನಿಗೆ ಅವನು ಹೆಣ್ಣು ಕೊಟ್ಟ ಮಾವ. ಅಂಥ ಸತ್ಪುರುಷರು ದರೋಡೆಗಾರನ ಮನೆಯ ಸಂಬಂಧ ಬೆಳಸುತ್ತಿದ್ದರೆ? ಥೀಸಿಯಸನು ಅವನನ್ನು ಕೊಂದುದು ಮೊದಲ ಪ್ರಯಾಣದಲ್ಲಲ್ಲ. ಮುಂದೆ ಮೆಗಾರದವರ ಕೈಯಲ್ಲಿದ್ದ ಎಲ್ಯೂಸಿಸನ್ನು ವಂಚನೆಯಿಂದ ಕಿತ್ತುಕೊಂಡಾಗ. ಹೀಗೆ ನೋಡಿದರೆ ರಕ್ಕಸಸಂಹಾರವೆಂಬುದು ಗಡಿಯೂರೊಂದಕ್ಕಾಗಿ ನಡೆದ ಕಾಳಗವಾಗುತ್ತದೆ.

ಕ್ರೀಟಿನವರೂ ಸುಮ್ಮನಿರಲಿಲ್ಲ. ಲ್ಯಾಬಿರಿಂತ್ ಒಂದು ಸೆರೆಮನೆ ಮಾತ್ರ, ‘ಗೂಳಿ’ ಎಂಬುದು ಟಾರಸ್ ಎಂಬ ಸೇನಾಪತಿಯ ಹೆಸರು ಎಂದು ಅವರು ಹೇಳಿದರು. ಹೋಮರನೂ ಹೆಸಿಯಡನೂ ಮೈನಾಸನನ್ನು ಗೌರವದಿಂದಲೇ ಸ್ಮರಿಸಿದ್ದಾರೆ. ಅವನನ್ನು ಕ್ರೂರಿಯನ್ನಾಗಿ ಮಾಡಿದುದು ಅಥೆನ್ಸಿನ ನಾಟಕರಂಗ. ನುಡಿಯೂ ಸಾಹಿತ್ಯವೂ ಉಳ್ಳ ನಗರದ ಹಗೆ ಕಟ್ಟಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಪ್ಲೂಟಾರ್ಕನು ಮೈನಾಸನನ್ನೇ ಉದಾಹರಣೆಯಾಗಿ ತೋರಿಸುತ್ತಾನೆ. ಇದು ಬಹಳ ದೊಡ್ಡ ಮಾತೆಂದು ನಾವು ಭಾವಿಸುತ್ತೇವೆ.

ಗಡಿಗೂ ಈ ಕಥೆಗೂ ಇನ್ನೂ ಎರಡು ಸಂಬಂಧಗಳುಂಟು. ಭೂಸಂಧಿಯಲ್ಲಿ ಒಂದು ಗಡಿಕಂಬವಿತ್ತಂತೆ. ಅದರ ಒಂದು ಮೈಯಲ್ಲಿ ಈ ಕಡೆ ಅಯೋನಿಯವೆಂದೂ ಇನ್ನೊಂದರಲ್ಲಿ ಆ ಕಡೆ ಪೆಲೊಪೊನ್ನೀಸಸ್ ಎಂದೂ ಕೆತ್ತಿತ್ತು. ಅದನ್ನು ನೆಟ್ಟವನು ಥೀಸಿಯಸನೆಂದು ಪ್ಲೂಟಾರ್ಕನು ಹೇಳುತ್ತಾನೆ. ಆದರೆ ಭೂಗೋಳಕಾರನಾದ ಸ್ಟ್ರೇಬೋ, ಪದೇ ಪದೇ ಗಡಿಜಗಳ ನಡೆಯುತ್ತಿದ್ದುದರಿಂದ ಎರಡು ಕಡೆಯವರೂ ಒಟ್ಟುಗೂಡಿ, ಒಪ್ಪಂದ ಮಾಡಿಕೊಂಡು ನೆಟ್ಟರೆಂದು ಬರೆಯುತ್ತಾನೆ. ಅದೇ ಕಂಬ ಒಂದು ಕಡೆ ವೀರನ ಪರಾಕ್ರಮಕ್ಕೂ ಇನ್ನೊಂದು ಕಡೆ ನೆರೆಹೊರೆಯವರ ವಿವೇಕಕ್ಕೂ ಗುರುತಾಗಿ ನಿಂತಿದೆ.

ಎರಡನೆಯದು ಸ್ಯಾಲಮಿಸ್ ದ್ವೀಪದ ವ್ಯಾಜ್ಯ. ಈ ದ್ವೀಪದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲವಾದ ಏಜಾಕ್ಸ್ ವೀರನು ಇಲ್ಲಿಯವನೇ. ಅವರ ‘ಪಾರಸಿಕರು’ ನಾಟಕದಲ್ಲಿ ಬರುವ ಕ್ರಿ. ಪೂ. 480ರ ನೌಕಾಯುದ್ಧ ನಡೆದದ್ದೂ ಇದರ ಬಳಿಯಲ್ಲಿಯೇ. ಕ್ರಿ. ಪೂ. 6ನೆಯ ಶತಮಾನದಲ್ಲಿ ಅಥೆನ್ಸ್ ಮತ್ತು ಮೆಗಾರ ಈ ದ್ವೀಪಕ್ಕಾಗಿ ಕಾದಾಡಿ, ಕೊನೆಗೆ ಐವರು ಸ್ಪಾರ್ಟದವರ ಪಂಚಾಯಿತಿಗೆ ಒಪ್ಪಿಸಿದವು. ಏಜಾಕ್ಸನ ಹಡಗುಗಳು ಅಥೆನ್ಸಿನ ಪಡೆಯ ಪಕ್ಕದಲ್ಲಿ ನಿಂತವೆಂಬ ಹೋಮರನ ಪದ್ಯವೊಂದನ್ನು ಅಥೆನ್ಸಿನವರು ಆಧಾರವಾಗಿ ತೋರಿಸಿದರೆಂದು ಹೇಳುತ್ತಾರೆ. ಅದು ಅವರೇ ಸೇರಿಸಿದ ಪದ್ಯವೆಂದು ಎದುರುಪಕ್ಷದ ಆಕ್ಷೇಪಣೆ. ಹೆಣಗಳನ್ನು ಯಾವ ದಿಕ್ಕಿಗೆ ಮುಖಮಾಡಿ ಹೂಳುವ ವಾಡಿಕೆ ಯಾರದೆಂಬುದೂ ಚರ್ಚೆಗೆ ಬಂದಿತು. ತೀರ್ಪು ಅಥೆನ್ಸಿನ ಪರವಾಯಿತು. ಏರಿಯಾಡ್ನಿಯನ್ನು ತೊರೆದುದಕ್ಕೆ ಬೇರೊಬ್ಬಳ ಮೋಹವೇ ಕಾರಣವೆಂದು ಹೆಸಿಯಡನಲ್ಲಿದ್ದ ಸಾಲನ್ನು ಅಥೆನ್ಸಿನ ಪ್ರಭು ಪೈಸಿಸ್ಟ್ರಾಟಸನು ತೆಗೆಸಿಹಾಕಿದನೆಂದು ಮೆಗಾರದ ಹೀರಿಯಾಸ್ ದೂರಿದ್ದಾನೆ. ಗ್ರಂಥಪಾಠಗಳೂ ಗಡಿಜಗಳಕ್ಕೆ ಹೊರತಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ನೆಲವನ್ನೇ ಕೇಳಬಾರದೇಕೆ? 1900ರಲ್ಲಿ ಆರ್ಥರ್ ಎವಾನ್ಸ್ ಕ್ರೀಟಿನ ನಾಸಸ್ ಎಂಬಲ್ಲಿ ಅಗೆಯಲಾರಂಭಿಸಿ, ಕೋಣೆಗಳೂ ಓಣಿಗಳೂ ಹೆಣೆದುಕೊಂಡಿರುವ ದೊಡ್ಡ ಅರಮನೆಯನ್ನು ಬೆಳಕಿಗೆ ತಂದನು. ಹಾಯಲು ಬರುವ ಗೂಳಿಯ ಬೆನ್ನಮೇಲೆ ಲಾಗ ಹಾಕುವವರ ಚಿತ್ರವೂ ಅಲ್ಲಿ ದೊರೆಯಿತು. ಅಲ್ಲಿಯ ಜೇಡಿಮಣ್ಣಿನ ಹಲಗೆಗಳ ಮೇಲಿದ್ದ ಒಂದು ಬಗೆಯ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಓದಿ, ಭಾಷೆ ಗ್ರೀಕೇ ಎಂದು ತೋರಿಸಿದನು. ಒಂದು ಹಲಗೆಯಲ್ಲಿ ಲ್ಯಾಬಿರಿಂತಿನ ಒಡತಿಯೆಂದು ವಿದ್ವಾಂಸರು ಅರ್ಥಮಾಡುವ ದೇವತೆಗೆ ಒಂದು ಗಡಿಗೆ ಜೇನುತುಪ್ಪ ಸಂದ ಲೆಕ್ಕವಿದೆ. ಹೆಸರು ಸಿಕ್ಕಿತು, ಗೂಳಿ ಸಿಕ್ಕಿತು. ನರಬಲಿಗೆ ಬಂದ ಅಥೆನ್ಸಿನ ಮಕ್ಕಳ ಲೆಕ್ಕ ಮಾತ್ರ ಆ ಹಲಗೆಗಳಲ್ಲಿಲ್ಲ. ಗುದ್ದಲಿ ಕಥೆಯ ನೆಲೆಯನ್ನು ತೋರಿಸಿತೇ ಹೊರತು ಯಾರು ರಕ್ಕಸರೆಂಬ ತೀರ್ಪನ್ನು ಕೊಡಲಿಲ್ಲ.

ಥೀಸಿಯಸನು ಕ್ರೀಟಿನಿಂದ ಮರಳಿದ ಹಡಗನ್ನು ಅಥೆನ್ಸಿನವರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರಂತೆ. ಪ್ರತಿವರ್ಷ ಡೀಲಾಸ್ ದ್ವೀಪಕ್ಕೆ ಅದರಲ್ಲಿ ಯಾತ್ರೆ ಹೋಗುತ್ತಿತ್ತು, ಕ್ರಿ. ಪೂ. 399ರಲ್ಲಿ ಸಾಕ್ರಟೀಸನ ಮರಣದಂಡನೆ ತಡವಾದದ್ದು ಆ ಯಾತ್ರೆ ಮರಳುವವರೆಗೆ ಯಾರನ್ನೂ ಕೊಲ್ಲಬಾರದೆಂಬ ಕಟ್ಟಳೆಯಿಂದ. ಹಲಗೆಗಳು ಕೊಳೆತಂತೆಲ್ಲ ಹೊಸದನ್ನು ಜೋಡಿಸುತ್ತ ಬಂದುದರಿಂದ, ಇದು ಹಳೆಯ ಹಡಗೇ ಅಲ್ಲವೇ ಎಂದು ತಾರ್ಕಿಕರು ವಾದಿಸುತ್ತಿದ್ದರು. ಥೀಸಿಯಸನ ಕಥೆಯೂ ಹಾಗೆಯೇ. ಒಂದೊಂದು ತಲೆಮಾರು ತನಗೆ ಬೇಕಾದ ಹಲಗೆಯನ್ನು ಸೇರಿಸಿತು. ಯಾವ ಹಲಗೆಯನ್ನು ಯಾರು, ಯಾವಾಗ, ಏಕೆ ಸೇರಿಸಿದರೆಂದು ಕೇಳುವುದೇ ಇತಿಹಾಸಕಾರನ ಕೆಲಸ.

ನಮ್ಮ ನಾಡಿನ ವೀರಗಲ್ಲುಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ತುರುಗಾಳಗದಲ್ಲಿ ಮಡಿದವನ ಕಲ್ಲು ಅವನ ಕಡೆಯವರ ಮಾತನ್ನು ಹೇಳುತ್ತದೆ. ಎದುರಾಳಿಯ ಮಾತು ಬೇರೊಂದು ಊರಿನಲ್ಲಿದ್ದೀತು. ಗಡಿನಾಡಿನ ಶಾಲೆಗಳಲ್ಲಿ ಬೇರೆ ಬೇರೆ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಒಬ್ಬನ ಮನೆಯಲ್ಲಿ ವೀರನೆನಿಸಿದವನು ಇನ್ನೊಬ್ಬನ ಮನೆಯಲ್ಲಿ ಸ್ಕೈರಾನನಾಗಿರುವುದು ಅಸಂಭವವಲ್ಲ. ಇದಕ್ಕಾಗಿ ವೀರಕಥೆಗಳನ್ನು ಹೇಳುವುದನ್ನು ಬಿಡಬೇಕಾಗಿಲ್ಲ. ಅವಿಲ್ಲದೆ ಮಕ್ಕಳ ಮನಸ್ಸು ಬಡವಾಗುತ್ತದೆ. ಥೀಸಿಯಸನ ಕಥೆಯನ್ನು ಪೂರ್ತಿಯಾಗಿ, ರಸವತ್ತಾಗಿ ಹೇಳೋಣ. ಹೇಳಿ ಮುಗಿಸಿದ ಮೇಲೆ, ಈ ವಿಷಯದಲ್ಲಿ ಮೆಗಾರದವರು ಏನೆನ್ನುತ್ತಾರೆಂಬ ಪ್ರಶ್ನೆಯನ್ನೂ ತರಗತಿಯ ಮುಂದೆ ಇಡೋಣ.