ಗೇಣಿಯ ಹಣ, ಗ್ರಾನೈಟ್ ಮನೆ: ಅಲೆಕ್ಸಾಂಡರ್ ಟ್ವೈಲೈಟ್ ಬದುಕಿನ ಮರುಪರಿಶೀಲನೆ

ಅಮೆರಿಕದ ಶಿಕ್ಷಣ ಚರಿತ್ರೆ ಅಲೆಕ್ಸಾಂಡರ್ ಟ್ವೈಲೈಟ್‌ನನ್ನು (1795–1857) ಎರಡು ‘ಮೊದಲು’ಗಳಿಂದ ಗುರುತಿಸುತ್ತದೆ. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಕಾಲೇಜು ಪದವಿ ಪಡೆದ ಮೊದಲಿಗ, ರಾಜ್ಯ ಶಾಸನಸಭೆಗೆ ಆಯ್ಕೆಯಾದವರಲ್ಲಿಯೂ ಮೊದಲಿಗ. ಈ ಬಿರುದುಗಳು ಹೆಚ್ಚಾಗಿ ನಂತರದ ಕಾಲ ಕೊಟ್ಟವು. ಆತನ ಕಾಲದ ಜನಗಣತಿಯಲ್ಲಿ ಆತನನ್ನು ಬಿಳಿಯನೆಂದು ಬರೆದುಕೊಂಡದ್ದೂ ಉಂಟು. ಆತನ ಬದುಕನ್ನು ಬೆಸೆದ ಎಳೆ ಬೇರೆಯದು: ಭೂಮಿಗೂ ಶಾಲೆಗೂ ಇದ್ದ ನಂಟು.

ವರ್ಮಾಂಟ್ ರಾಜ್ಯದ ಕಾರಿಂತ್‌ನಲ್ಲಿ ಮಿಶ್ರವರ್ಣದ ಕುಟುಂಬದಲ್ಲಿ ಹುಟ್ಟಿದ ಟ್ವೈಲೈಟ್, ಬಾಲ್ಯದಲ್ಲೇ ನೆರೆಯ ರೈತನೊಬ್ಬನ ಹೊಲದಲ್ಲಿ ಕರಾರಿನ ಆಳಾದ. ಕರಾರಿನ ಕೊನೆಯ ವರ್ಷವನ್ನು ಕೂಡಿಟ್ಟ ಹಣ ತೆತ್ತು ಬಿಡಿಸಿಕೊಂಡು, 1815ರಲ್ಲಿ ರ‍್ಯಾಂಡಾಲ್ಫ್‌ನ ಗ್ರಾಮರ್ ಸ್ಕೂಲ್ ಸೇರಿದ. ಇಪ್ಪತ್ತು ವರ್ಷದ ಯುವಕ ಹೀಗೆ ಕೊಂಡುಕೊಂಡದ್ದು ಓದಿನ ಬಿಡುವನ್ನು. 1823ರಲ್ಲಿ ಮಿಡಲ್‌ಬರಿ ಕಾಲೇಜಿನ ಪದವಿ ಕೈಸೇರಿತು.

1829ರಲ್ಲಿ ಆತ ಬ್ರೌನಿಂಗ್ಟನ್‌ನ ಆರ್ಲಿಯನ್ಸ್ ಕೌಂಟಿ ಗ್ರಾಮರ್ ಸ್ಕೂಲಿನ ಮುಖ್ಯೋಪಾಧ್ಯಾಯನಾದ. ಊರಿನ ಚರ್ಚಿನ ಪಾದ್ರಿಯ ಕೆಲಸವನ್ನೂ ನೋಡಿಕೊಂಡ. ವರ್ಮಾಂಟ್‌ನಲ್ಲಿ ಇಂಥ ಶಾಲೆಗಳಿಗೆಂದು ಊರೂರಲ್ಲಿ ಜಮೀನು ಮೀಸಲಿಡುವ ಪದ್ಧತಿಯಿತ್ತು. ಅದರ ಗೇಣಿಯೇ ಶಾಲೆಯ ಆದಾಯ. ಅಂದರೆ ಒಕ್ಕಲಿನ ದುಡಿಮೆಯೇ ಪಾಠದ ಖರ್ಚನ್ನು ಹೊತ್ತಿತ್ತು. ದೂರದಿಂದ ಬರುವ ವಿದ್ಯಾರ್ಥಿಗಳಿಗೆ ವಸತಿ ಬೇಕೆಂದಾಗ ಶಾಲೆಯ ಧರ್ಮದರ್ಶಿಗಳು ಹಣ ಕೊಡಲೊಪ್ಪಲಿಲ್ಲ. ಟ್ವೈಲೈಟ್ ಸ್ವಂತ ಜವಾಬ್ದಾರಿಯ ಮೇಲೆ ‘ಅಥೀನಿಯನ್ ಹಾಲ್’ ಎಂಬ ನಾಲ್ಕು ಅಂತಸ್ತಿನ ಗ್ರಾನೈಟ್ ಕಟ್ಟಡವನ್ನು ಎತ್ತಿಸಿದ. 1836ರಲ್ಲಿ ಅದು ಸಿದ್ಧವಾಯಿತು.

ಅದೇ ವರ್ಷ ಆತ ಶಾಸಕನಾದುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕೌಂಟಿಯ ಗೇಣಿ ಹಣದಲ್ಲಿ ಕ್ರಾಫ್ಟ್ಸ್‌ಬರಿಯ ಶಾಲೆಯೂ ಪಾಲು ಕೇಳುತ್ತಿತ್ತು. ಹಣ ಹರಿದು ಹಂಚಿಹೋದರೆ ಎರಡೂ ಶಾಲೆಗಳು ಸೊರಗುತ್ತವೆಂಬ ಆತಂಕ ಬ್ರೌನಿಂಗ್ಟನ್‌ನದು. ರಾಜ್ಯದ ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಟ್ವೈಲೈಟ್ ಹಂಚಿಕೆಯನ್ನು ವಿರೋಧಿಸಿದ, ಸೋತ. ಕ್ರಾಫ್ಟ್ಸ್‌ಬರಿಯ ಮಕ್ಕಳಿಗೂ ಹತ್ತಿರದಲ್ಲೊಂದು ಶಾಲೆ ಬೇಕಿತ್ತೆಂಬುದನ್ನು ಗಮನಿಸಿದರೆ, ಈ ಸೋಲನ್ನು ಕೇವಲ ಅನ್ಯಾಯವೆಂದು ತಳ್ಳಿಹಾಕಲಾಗದು.

1847ರಲ್ಲಿ ಹುದ್ದೆ ಬಿಟ್ಟು ಕ್ವಿಬೆಕ್‌ಗೆ ಹೋದ ಆತ 1852ರಲ್ಲಿ ಮರಳಿ ಬಂದು ಮತ್ತೆ ಪಾಠ ಹೇಳಿದ. ಆತ ತೀರಿಕೊಂಡ ಎರಡೇ ವರ್ಷಕ್ಕೆ, 1859ರಲ್ಲಿ, ಶಾಲೆ ಮುಚ್ಚಿತು.

ರೈತನ ಆಳು, ಶಿಕ್ಷಕ, ಶಾಸಕ ಎಂಬ ಮೂರು ಪಾತ್ರಗಳು ಹಾಗಾಗಿ ಏಣಿಯ ಮೂರು ಮೆಟ್ಟಿಲುಗಳಲ್ಲ. ಹೊಲದ ಆದಾಯ ಯಾರ ಓದಿಗೆ ಸಲ್ಲಬೇಕೆಂಬ ಒಂದೇ ಪ್ರಶ್ನೆಯನ್ನು ಆತ ಮೊದಲು ತನ್ನ ಕೂಲಿಯಿಂದ, ಆಮೇಲೆ ಕಲ್ಲಿನಿಂದ, ಕಡೆಗೆ ಮತದಿಂದ ಎದುರಿಸಿದ. ಮತ ಸೋತಿತು; ಕಲ್ಲುಮನೆ ಇಂದು ವಸ್ತುಸಂಗ್ರಹಾಲಯವಾಗಿ ನಿಂತಿದೆ.